ಮೊಳೆಯ ಮೇಲಿನ ಬಿಲ್ಲೆ

ಬಿಲ್ಲೆ ಅಲ್ಲಾಡುತ್ತಿದೆ, ಅಂದರೆ ಈಗಷ್ಟೇ ಯಾರೋ ತಂದು ಮೊಳೆಗೆ ಸಿಕ್ಕಿಸಿದ್ದಾರೆ, ಮೇಸ್ತ್ರಿಯ ತಲೆಯ ಹಿಂದಿನ ಆ ಮೊಳೆಗೆ, ನಲವತ್ತು ಹೊಲಿಗೆ ಯಂತ್ರಗಳಿಗೆ ಒಂದೇ ಮರದ ಬಿಲ್ಲೆ, ಅದು ಕೈಯಲ್ಲಿದ್ದರೆ ಶೌಚಾಲಯ, ಇಲ್ಲದಿದ್ದರೆ ಹಲ್ಲು ಕಚ್ಚಿ ಕೂರುವುದು — ಹತ್ತೊಂಬತ್ತು ವರ್ಷ ಕೂತವಳು ಅವಳು, ಕಾಲರು ಹೊಲಿದೂ ಹೊಲಿದೂ ಎಲ್ಲರ ಬಾಯಲ್ಲಿ ಕಾಲರಕ್ಕ ಆದವಳು, ಬೆಳಗ್ಗೆ ತುಂಬಿಸಿ ತಂದ ನೀರಿನ ಬಾಟಲಿಯನ್ನು ಸಂಜೆ ಹಾಗೇ ಮನೆಗೆ ಒಯ್ಯುವವಳು, ಏನಮ್ಮಾ, ಬಾಟಲಿಗೆ ದಿನಾ ಊರು ತೋರಿಸ್ಕೊಂಡು ಬರ್ತೀಯಾ ಅಂತ ಮಗಳು ನಗುತ್ತಾಳೆ, ನಗಲಿ ಪಾಪ, ಅವಳಿಗೇನು ಗೊತ್ತು — ಪಕ್ಕದ ಯಂತ್ರದ ಬಸುರಿ ಎದ್ದು ನಿಂತಿದ್ದಾಳೆ, ಏಳು ತಿಂಗಳು, ಸಾರ್, ಬಿಲ್ಲೆ ಕೊಡಿ ಸಾರ್, ಮೇಸ್ತ್ರಿ ತಲೆ ಎತ್ತುವುದಿಲ್ಲ, ಬೆಳಗ್ಗೆ ಹೋಗಿ ಬಂದ್ಯಲ್ಲಮ್ಮ, ಇನ್ನು ಊಟ ಆದ್ಮೇಲೆ, ಒಳಗಿರೋದಕ್ಕೂ ಬೇರೆ ಬಿಲ್ಲೆ ಮಾಡಿಸ್ಬೇಕಾ, ಹಿಂದಿನ ಸಾಲಿನವಳು ಕಿಸಕ್ಕೆಂದಳು, ಬಸುರಿ ಕೂತಳು, ಕಾಲು ಜೋಡಿಸಿಕೊಂಡು, ಹೋದ ಮಂಗಳವಾರವೂ ಹೀಗೇ ಕೂತಿದ್ದಳು, ಆಮೇಲೆ ಕುರ್ಚಿಯ ಕೆಳಗೆಲ್ಲ ಒದ್ದೆ, ಆ ಹೊಟ್ಟೆ ಹೊತ್ತು ಮಂಡಿಯೂರಿ ಚಿಂದಿಬಟ್ಟೆಯಲ್ಲಿ ತಾನೇ ಒರೆಸಿದ್ದಳು, ಆಗ ಕಾಲರಕ್ಕ ಏನು ನೋಡುತ್ತಿದ್ದಳು, ಸೂಜಿ, ಬರೀ ಸೂಜಿ, ನಿನಗ್ಯಾಕೆ ಊರ ಉಸಾಬರಿ ಅಂತ ಗಂಡ ಹೇಳಿದ್ದು ಕಿವಿಯಲ್ಲಿ, ಕೈ ಮಾತ್ರ ಸುಳ್ಳು ಹೇಳಲಿಲ್ಲ, ಆರು ಕಾಲರು ಒಳಮೈ ಹೊರಗಾಗಿ ಹೊಲಿದಿತ್ತು, ಇಷ್ಟು ವರ್ಷಕ್ಕೆ ಮೊದಲ ತಪ್ಪು, ಅವತ್ತು ಊಟದ ಹೊತ್ತಿಗೆ ನೋಡಿದರೆ ಆರೂ ಕಾಲರುಗಳ ಹೊಲಿಗೆ ಬಿಚ್ಚಿ, ನೂಲು ಆಯ್ದು, ನೀಟಾಗಿ ಮಡಚಿ ಇಟ್ಟಿದ್ದಾಳೆ, ಯಾರು, ಒದ್ದೆ ಲಂಗದಲ್ಲಿ ಕೂತಿದ್ದ ಅದೇ ಹುಡುಗಿ.

ಈಗ ಯಾರ ಯಂತ್ರ ನಿಂತಿತು, ತನ್ನದೇ, ಬೆರಳು ಸ್ವಿಚ್ಚಿನ ಮೇಲಿದೆ, ಎದೆ ಮಾತ್ರ ಇನ್ನೂ ಓಡುತ್ತಿದೆ, ನಡಿ ತಾಯಿ ಅಂದದ್ದು ತನ್ನ ಬಾಯೇ, ಹುಡುಗಿಯ ಕೈ ತಣ್ಣಗೆ, ಅಕ್ಕಾ ಬೇಡ, ನಿನ್ನ ಕೆಲಸ ಹೋಗುತ್ತೆ, ಹೌದು, ಹೋಗುತ್ತೆ, ಇಲ್ಲೇ ಕೆಲಸಕ್ಕೆ ಸೇರಿದ್ದ ನಾದಿನಿಯನ್ನು ಎದುರು ಮಾತಾಡಿದಳೆಂದು ಮೂರೇ ದಿನಕ್ಕೆ ಹೊರಗೆ ಹಾಕಿದರು, ಈ ವಯಸ್ಸಿಗೆ ಯಾರು ಕೆಲಸ ಕೊಡುತ್ತಾರೆ, ಮೇಸ್ತ್ರಿಯ ಮೇಜು ಬಂತು, ಬಿಲ್ಲೆ ಎಲ್ಲಿ ಕಾಲರಕ್ಕಾ, ಅಲ್ಲೇ ಇದೆಯಲ್ಲಪ್ಪ, ಚೆನ್ನಾಗಿ ನೋಡ್ಕೊ — ಅಯ್ಯೋ, ಇದನ್ನು ಹೇಳಿದವಳು ಯಾರು — ಬಿಲ್ಲೆ ಇಲ್ದೆ ಬಾಗಿಲು ದಾಟಿದ್ರೆ ನಾಳೆಯಿಂದ ಬರ್ಬೇಡಿ, ಇಬ್ರೂ, ಬಾಗಿಲಿಗೆ ಇನ್ನು ಮೂವತ್ತು ಹೆಜ್ಜೆ, ಬೆನ್ನಿಗೆ ಕಣ್ಣಿಲ್ಲ, ಇದ್ದಿದ್ದರೆ ವಾಪಸ್ ಓಡುತ್ತಿದ್ದಳು, ಹತ್ತು, ಹನ್ನೊಂದು, ಸದ್ದು ಯಾಕೆ ಕಡಿಮೆಯಾಯಿತು, ಕರೆಂಟು ಹೋಯಿತೇ, ಇಲ್ಲ, ಫ್ಯಾನು ತಿರುಗುತ್ತಿದೆ, ಇನ್ನೊಂದು ಯಂತ್ರ ನಿಂತಿತು, ಮತ್ತೊಂದು, ಕುರ್ಚಿಗಳು ಕಿರ್ರೆಂದವು, ಬಾಗಿಲಿಗೆ ಕೈಯಿಟ್ಟು ತಿರುಗಿದರೆ ಮೊದಲು ಕಂಡದ್ದು ಆ ಕಿಸಕ್ಕೆಂದವಳು, ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಾಳೆ, ನಂಗೂ ಬೆಳಗ್ಗಿಂದ ತಡ್ಕೊಂಡು ಸಾಕಾಗಿದೆ ಕಣಕ್ಕ, ಅವಳ ಹಿಂದೆ ಇಡೀ ಸಾಲು, ಅದರ ಹಿಂದೆ ಇನ್ನೊಂದು, ಮೇಸ್ತ್ರಿ ಎದ್ದಿದ್ದಾನೆ, ತಗೊಳ್ರಮ್ಮಾ, ಕೈಯಲ್ಲಿ ಹಿಡ್ಕೊಂಡಾದ್ರೂ ಹೋಗ್ರಮ್ಮಾ, ನನ್ ಕೆಲಸ ಹೋಗುತ್ತೆ, ಯಾರೂ ಕೈ ಚಾಚುತ್ತಿಲ್ಲ, ಅವನನ್ನು ದಾಟಿ ಬರುತ್ತಲೇ ಇದ್ದಾರೆ, ಮೊಳೆ ಬರಿದಾಗಿದೆ, ಬಿಲ್ಲೆ ಅವನ ಬೆರಳ ತುದಿಯಲ್ಲಿ, ಅಲ್ಲಾಡುತ್ತಿದೆ, ಬಿಲ್ಲೆ ಅಲ್ಲಾಡುತ್ತಿದೆ