ಎರಡು ಬೊಗಸೆ ಎರೆಹುಳು

ವೀರಬಸಮ್ಮನ ಹೊಲ ಗಟ್ಟು ಎಂಬ ಊರಿನಾಚೆ ಇದೆ. ಹೊಲ ಎನ್ನುವುದು ಮರ್ಯಾದೆಗೆ, ಇದ್ದದ್ದೆಲ್ಲ ಉಸುಕು. ಬೆಳಿಗ್ಗೆ ಹೊಯ್ದ ನೀರು ಮಧ್ಯಾಹ್ನಕ್ಕೆ ಎಲ್ಲಿ ಹೋಯಿತೆಂದು ಕೇಳುವ ಹಾಗಿರಲಿಲ್ಲ. ಬೇವಿನ ನೆರಳಿನ ತೊಟ್ಟಿಯಲ್ಲಿ ಎರೆಹುಳು ಸಾಕಿ, ಆ ಗೊಬ್ಬರ ಹಾಕಿ ಹಾಕಿ, ಐದು ವರ್ಷದಲ್ಲಿ ಒಂದು ಎಕರೆಯನ್ನು ಶೇಂಗಾ ಬೆಳೆಯುವ ಮಣ್ಣಾಗಿ ಮಾಡಿಕೊಂಡಿದ್ದಳು. ಈ ವರ್ಷ ಪಕ್ಕದ ಎಕರೆಯನ್ನೂ ಬದುಕಿಸಬೇಕೆಂದು ಹಟ ಹಿಡಿದಳು. ಮನೆಯ ಗೊಬ್ಬರ ಸಾಲದು. ವಡ್ಡೆಪಲ್ಲಿಯ ಈಶ್ವರಿ ಇರುವಾಗ ಬೇರೆಯವರೇಕೆ ಎಂದು ಅವಳಿಂದಲೇ ಚೀಲಗಳನ್ನು ತರಿಸಿದಳು.

ಈಶ್ವರಿಗೆ ಹುಳು ಕೊಟ್ಟವಳೇ ಇವಳು. ಗಂಡನ ಮನೆಯಲ್ಲಿ ತನ್ನದೆಂಬುದು ಏನೂ ಇಲ್ಲವೆಂದು ಅತ್ತ ಹುಡುಗಿಗೆ ಮೂರು ವರ್ಷದ ಹಿಂದೆ ಎಲೆ ಅಡಿಕೆಯ ಜೊತೆ ಎರಡು ಬೊಗಸೆ ಹುಳುವನ್ನು ಹಸಿ ಗೋಣಿಯಲ್ಲಿ ಕಟ್ಟಿ ಉಡಿ ತುಂಬಿದ್ದಳು.

"ಮಗಳನ್ನ ಕೊಟ್ಟಂಗ ಕೊಡಾಕತ್ತೀನಿ. ಬಿಸಿಲಿಗೆ ಬಿಡಬ್ಯಾಡವ್ವ" ಎಂದಿದ್ದಳು.

ನೋಡಿದವರು ನಕ್ಕರು. ನಗಲಿ, ಆ ಹುಳುಗಳೇ ಈಶ್ವರಿಯ ಬದುಕು ಕಟ್ಟಿದವು. ಈಗ ಅವಳದು ಆರು ತೊಟ್ಟಿ.

ಬಿತ್ತಿದ ನಲವತ್ತು ದಿನಕ್ಕೆ ಹಳೆಯ ಎಕರೆ ಹೂ ಬಿಟ್ಟಿತು, ಹೊಸದು ಹಳದಿಯಾಗಿ ಮುದುರಿತು. ತಾನು ಮೊದಲು ಬೆಳೆದ ವರ್ಷವೂ ಹೀಗಾಗಿರಲಿಲ್ಲ. ವೀರಬಸಮ್ಮ ಉಳಿದಿದ್ದ ಚೀಲ ಬಿಚ್ಚಿ, ಒಂದು ಹಿಡಿ ಗೊಬ್ಬರವನ್ನು ಚೊಂಬಿನ ನೀರಿನಲ್ಲಿ ಕದಡಿಟ್ಟಳು. ಆಮೇಲೆ ನೀರು ಚೆಲ್ಲಿದರೆ, ತಳದಲ್ಲಿ ಮುಕ್ಕಾಲು ಹಿಡಿ ಹಳ್ಳದ ಉಸುಕು. ಉಸುಕಿನ ಹೊಲಕ್ಕೆ ಅವಳು ಉಸುಕನ್ನೇ ಹೊತ್ತು ಹಾಕಿದ್ದಳು.

ಮರುದಿನ ಬಸ್ಸು ಹತ್ತಿ ಹೋದಳು. ಈಶ್ವರಿ ಕುರ್ಚಿ ಹಾಕಿದಳು, ಚಹಾಕ್ಕಿಟ್ಟಳು. ವೀರಬಸಮ್ಮ ಉಸುಕಿನ ಚೊಂಬನ್ನು ಅವಳ ಮುಂದಿಟ್ಟಳು.

ಈಶ್ವರಿ ಸೆರಗು ತಿರುವುತ್ತ ನಿಂತಳು. "ಕೇಳೋರು ಹೆಚ್ಚಾದ್ರು ಅಕ್ಕ. ಒಂದಿಷ್ಟು ಚೀಲಕ್ಕ ಕಲಸಿದ್ದೆ."

"ಆ ಚೀಲ ನನಗ್ಯಾಕ ಕಳಿಸಿದಿ?"

"ಬ್ಯಾರೆಯವರು ಬಿಚ್ಚಿ ನೋಡ್ತಾರ್ರಿ. ನೀವು ನೋಡಂಗಿಲ್ಲಂತ ಗೊತ್ತಿತ್ತು."

ನಂಬಿದ್ದೇ ತಪ್ಪಾಯಿತಲ್ಲ ಎಂದು ವೀರಬಸಮ್ಮನ ಕಣ್ಣು ತುಂಬಿತು. ತೊಟ್ಟಿಯ ಪಕ್ಕ ಕುಳಿತು, ಗೋಣಿ ಸರಿಸಿ, ಸಗಣಿ ಸಮೇತ ಹುಳು ಬಾಚಿ ಉಡಿಗೆ ಹಾಕಿಕೊಂಡಳು. ಎರಡು ಬೊಗಸೆ.

"ಎಲ್ಲಿಗೆ ಒಯ್ತೀರಕ್ಕ?"

"ತವರಿಗೆ. ನಾ ಕೊಟ್ಟಷ್ಟೇ ಒಯ್ತೀನಿ."

ಹೊರಟ ಮುತ್ತೈದೆಗೆ ಕೊಡಬೇಕೆಂದು ಈಶ್ವರಿ ಕುಂಕುಮ ತಂದಳು. ವೀರಬಸಮ್ಮ ಹಣೆ ಒಡ್ಡಲಿಲ್ಲ. ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಬಸ್ಸಿನ ಕಡೆಗೆ ನಡೆದಳು.