ಸೀಟಿ ಊದಿದ ಮೇಲೆ

ಹನ್ನೆರಡು ಹುಡುಗರ ಆಟ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವ ಕೆಲಸವನ್ನು ಶಿವಕುಮಾರ ಒಪ್ಪಿಕೊಂಡಿದ್ದೇ ದಾಕ್ಷಿಣ್ಯಕ್ಕೆ. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನ ವಿಶ್ವವಿದ್ಯಾಲಯದಲ್ಲಿ ಅವನದು ಮುದುಕರ ನಡಿಗೆಯ ಸಂಶೋಧನೆ. ಹೆಜ್ಜೆ ನೋಡಿ ಯಾರು ಮುಗ್ಗರಿಸಿ ಬೀಳಬಹುದು ಎಂದು ಮೊದಲೇ ಹೇಳುವುದು. ಅದೇ ಲ್ಯಾಬಿನ ಗುನ್ನಾರ್‌ಗೆ ಅಮೆರಿಕನ್ ಫುಟ್‌ಬಾಲಿನ ಹುಚ್ಚು. ಜರ್ಮನಿಯ ವೃತ್ತಿಪರ ತಂಡವೊಂದಕ್ಕೆ ಅವನು ಸ್ವೀಡನ್ನಿನ ಆಟಗಾರರ ವರದಿ ಕಳಿಸುತ್ತಿದ್ದ. ಮಾರ್ಚ್‌ನಲ್ಲಿ ಡ್ರಾಫ್ಟ್. ಅವತ್ತು ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ. ಈ ತಂಡಕ್ಕೆ ಬೇಕಾಗಿದ್ದವನು ವೈಡ್ ರಿಸೀವರ್, ಅಂದರೆ ಅಂಚಿನಲ್ಲಿ ಓಡಿಹೋಗಿ, ದೂರಕ್ಕೆ ಎಸೆದ ಚೆಂಡನ್ನು ಹಿಡಿದು, ಮೈಮೇಲೆ ಬೀಳಲು ಬರುವವರಿಂದ ನುಣುಚಿಕೊಳ್ಳುವವನು.

"ನೀನು ಕಬಡ್ಡಿ ಆಡಿದವನು. ನುಣುಚಿಕೊಳ್ಳೋರನ್ನ ನಿನಗಿಂತ ಚೆನ್ನಾಗಿ ಯಾರು ಅಳೀತಾರೆ?" ಎಂದು ಫಿಕಾ ಹೊತ್ತಿನಲ್ಲಿ, ಕಾಫಿ ಕುಡಿಯುತ್ತಾ, ಗುನ್ನಾರ್ ಆ ಹುಡುಗರ ಆಟದ ಡಿವಿಡಿಯನ್ನು ಕೈಗಿತ್ತಿದ್ದ.

ಮನೆಯಲ್ಲಿ ಹೆಂಡತಿ ಊರ್ಮಿಳಾ ಎರಡು ನಿಮಿಷ ನೋಡಿ, "ನಮ್ಮ ಕಬಡ್ಡಿಗೇ ಹೆಲ್ಮೆಟ್ ಹಾಕ್ಸಿದ್ದಾರೆ ಅಷ್ಟೆ ಕಣ್ರೀ" ಎಂದು ಎದ್ದು ಹೋದಳು.

ಹನ್ನೊಂದು ಹುಡುಗರು ಒಂದು ಶನಿವಾರದಲ್ಲಿ ಮುಗಿದರು. ಕೊನೆಯವನು ಎಮಿಲ್. ಇಪ್ಪತ್ತೊಂದು ವರ್ಷ, ಹಗಲು ಡಾಗಿಸ್ ಎಂಬ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಚೆಂಡು ಕೈಗೆ ಬಂದ ಮೇಲೆ ಅವನ ಎಡಗಾಲು ಒಂದು ಕ್ಷಣ ತಡವರಿಸುತ್ತಿತ್ತು. ಸಿಕ್ಕೇಬಿಟ್ಟ ಎಂದು ಎದುರಾಳಿ ಆ ಕಡೆಗೆ ನುಗ್ಗುವಷ್ಟರಲ್ಲಿ ಎಮಿಲ್ ಬಲಕ್ಕೆ ಹೊರಳಿ ಮಾಯ. ಪಟ್ಟಿಯಲ್ಲಿ ಅವನ ಹೆಸರಿನ ಪಕ್ಕ ಗುನ್ನಾರ್ ಬರೆದಿದ್ದ: "ಕುಂಟಿದ ಹಾಗೆ ಮಾಡುವುದು ಇವನ ಉಪಾಯ. ಎಲ್ಲರೂ ಮೋಸ ಹೋಗುತ್ತಾರೆ. ಮೊದಲ ಆಯ್ಕೆ."

ಇಂಥದ್ದೇ ಕಾಲನ್ನು ಶಿವಕುಮಾರ ಇಪ್ಪತ್ತೆರಡು ವರ್ಷದ ಹಿಂದೆ ನೋಡಿದ್ದ.

ಮಂಡ್ಯದ ಕಾಲೇಜಿನಲ್ಲಿ ಅವನ ತಂಡದ ರೈಡರ್ ಕೃಷ್ಣಮೂರ್ತಿ, ಎಲ್ಲರ ಬಾಯಲ್ಲಿ ಕಿಟ್ಟಿ. ಕಿಟ್ಟಿಯ ಎಡಗಾಲೂ ಹೀಗೆಯೇ ತಡವರಿಸುತ್ತಿತ್ತು. ವಿಶ್ವವಿದ್ಯಾಲಯದ ತಂಡದಲ್ಲಿ ಉಳಿದದ್ದು ಒಂದೇ ಜಾಗ, ಕಣದಲ್ಲಿದ್ದವರು ಇವರಿಬ್ಬರೇ. ಆಯ್ಕೆ ಮಾಡುವವರು ಶಿವಕುಮಾರನನ್ನು ಪಕ್ಕಕ್ಕೆ ಕರೆದು, "ಆ ಹುಡುಗನ ಕಾಲು ಸರಿಯಿದೆಯೇನಯ್ಯಾ?" ಎಂದು ಕೇಳಿದರು. "ಸ್ವಲ್ಪ ತೊಂದರೆ ಇದೆ ಸಾರ್" ಎಂದ. ಜಾಗ ಇವನಿಗೆ ಸಿಕ್ಕಿತು. ತಿಂಗಳೊಪ್ಪತ್ತಿನಲ್ಲಿ ಕಿಟ್ಟಿ ಅದೇ ಕುಂಟುಗಾಲಿನಿಂದ ಜಿಲ್ಲಾ ಪಂದ್ಯದಲ್ಲಿ ಐದು ಜನರನ್ನು ಔಟ್ ಮಾಡಿದಾಗ ಅದು ನೋವಲ್ಲ, ಉಪಾಯ ಎಂದು ಊರಿಗೆಲ್ಲ ತಿಳಿಯಿತು. ಆಗ ತಡವಾಗಿತ್ತು. ಅಂದಿನಿಂದ ಶಿವಕುಮಾರ ತನಗೆ ತಾನೇ ಹೇಳಿಕೊಂಡು ಬಂದದ್ದು ಒಂದೇ ಮಾತು: ನನ್ನ ಕಣ್ಣು ತಪ್ಪಿತು.

ಈ ಸಲ ತಪ್ಪಬಾರದು. ಉಪಾಯ ಎಂದೇ ಬರೆದುಬಿಡೋಣ ಎಂದು ಪೆನ್ನು ಹಿಡಿದ. ಬರೆಯದೆ ಕೆಳಗಿಟ್ಟ. ಉಪಾಯವಲ್ಲದೆ ನಿಜವಾದ ನೋವೇ ಆಗಿದ್ದರೆ, ಜರ್ಮನಿಯ ಮೊದಲ ಪಂದ್ಯದಲ್ಲೇ ಆ ಕಾಲು ಶಾಶ್ವತವಾಗಿ ಹೋಗುತ್ತದೆ. ಎರಡನ್ನೂ ಬೇರೆ ಮಾಡಿ ಹೇಳಬಲ್ಲವನು ಅವನಿಗೆ ಗೊತ್ತಿದ್ದವರಲ್ಲಿ ಒಬ್ಬನೇ. ಆ ಒಬ್ಬನ ನಂಬರು ಆರು ವರ್ಷದಿಂದ ಡೈರಿಯಲ್ಲಿ ಸುಮ್ಮನೆ ಬಿದ್ದಿತ್ತು.

ಭಾನುವಾರ ಮಧ್ಯಾಹ್ನ ಫೋನ್ ಮಾಡಿದ. ತನ್ನ ಹೆಸರು ಹೇಳಿದ. ಆ ಕಡೆಯಿಂದ ಕಿಟ್ಟಿ, "ಹೇಳು ಶಿವೂ" ಎಂದ. ಬೈಗುಳಕ್ಕೆ ಸಿದ್ಧನಾಗಿದ್ದವನಿಗೆ ಕೇಳಿಸಿದ್ದು ಆ ಹಳೆಯ ಹೆಸರು. ಹೇಗೋ ಎಮಿಲ್‌ನ ವಿಷಯವನ್ನೆಲ್ಲ ಹೇಳಿ ಮುಗಿಸಿದ.

"ಆಟದಲ್ಲಿ ನೋಡಿದ್ರೆ ಗೊತ್ತಾಗಲ್ಲ ಕಣೋ," ಎಂದ ಕಿಟ್ಟಿ. "ಸೀಟಿ ಊದಿದ ಮೇಲೆ ನೋಡು. ಉಪಾಯ ಆದ್ರೆ ಆಟದ ಜೊತೆಗೇ ನಿಲ್ಲುತ್ತೆ. ನೋವಾದ್ರೆ ಯಾರೂ ನೋಡ್ದೆ ಇರುವಾಗ ಹೊರಗೆ ಬರುತ್ತೆ."

"ಆಗ ನನಗೆ ಇದು ಗೊತ್ತಿರಲಿಲ್ಲ ಕಿಟ್ಟಿ."

"ಶಿವೂ, ಮೂರು ವರ್ಷ ದಿನಾ ಸಂಜೆ ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡ್ಕೊಂಡು ಬಂದೆಯಲ್ಲ. ಒಂದು ದಿನ ಕುಂಟಿದ್ದೀನಾ?"

ಕುಂಟಿರಲಿಲ್ಲ. ಒಂದು ದಿನವೂ ಕುಂಟಿರಲಿಲ್ಲ. ಕಣ್ಣು ತಪ್ಪಿತು ಎಂದದ್ದೂ ಸುಳ್ಳು, ಶಿವಕುಮಾರ ಗೊತ್ತಿದ್ದೇ ಹೇಳಿದ್ದ.

"ಗೊತ್ತಿತ್ತು ಕಿಟ್ಟಿ," ಎಂದ ಕೊನೆಗೆ. "ಆ ಜಾಗ ನನಗೆ ಬೇಕಾಗಿತ್ತು."

"ನೀನೇ ಅಂತ ನನಗೂ ಆವಾಗ್ಲೇ ಗೊತ್ತಿತ್ತು. ಪ್ರಾಕ್ಟೀಸಲ್ಲಿ ಎಡ ಮೂಲೇಲಿ ನಿಂತು ನನ್ನ ಕಾಲು ನೋಡ್ತಿದ್ದವನು ನೀನೊಬ್ಬನೇ. ಬಂದು ಹೇಳ್ತೀಯ ಅಂತ ಕಾದೆ." ಕಿಟ್ಟಿ ಮುಂದುವರಿಸಿದ: "ಆ ಹುಡುಗನಿಗೆ ನೋವೇ ಇದ್ರೆ, ನೋವು ಅಂತಾನೇ ಬರಿ. ಆದ್ರೆ ಬರೆಯೋಕೆ ಮುಂಚೆ ಅವನ ಮುಖ ನೋಡಿ ಹೇಳು."

ಗುನ್ನಾರ್ ಕೊಟ್ಟಿದ್ದು ಒಳ್ಳೊಳ್ಳೆಯ ತುಣುಕುಗಳನ್ನು ಮಾತ್ರ ಜೋಡಿಸಿದ ಡಿವಿಡಿ. ಸೋಮವಾರ ಶಿವಕುಮಾರ ಕತ್ತರಿಸದ ಪೂರ್ತಿ ಟೇಪನ್ನು ಕೇಳಿ ತರಿಸಿಕೊಂಡ. ಎರಡನೆಯ ಪಂದ್ಯದಲ್ಲಿ, ಸೀಟಿ ಊದಿದ ಮೇಲೆ, ಚಿತ್ರದ ಅಂಚಿನಲ್ಲಿ ಎಮಿಲ್ ಕಂಡ. ಕೋಚ್ ಬೆನ್ನು ತಿರುಗಿಸಿದ್ದ. ಎಮಿಲ್ ಬೆಂಚಿನವರೆಗೂ ಎಡಗಾಲನ್ನು ಎಳೆದುಕೊಂಡು ಹೋದ. ಕೋಚ್ ಇತ್ತ ತಿರುಗಿದೊಡನೆ ನೆಟ್ಟಗಾದ. ಶಿವಕುಮಾರ ಅದನ್ನೇ ನಾಲ್ಕು ಸಲ ಹಾಕಿ ನೋಡಿದ. ಸುಳ್ಳಾಗಲಿ ದೇವರೇ ಎಂದುಕೊಂಡೇ ನೋಡಿದ, ಆದರೆ ಹೆಜ್ಜೆ ಬದಲಾಗಲಿಲ್ಲ.

ಮರುದಿನ ಅವನು ಡಾಗಿಸ್‌ಗೆ ಹೋದಾಗ ಎಮಿಲ್ ಅಂಗಳದಲ್ಲಿ ಮಂಡಿಯೂರಿ ಒಂದು ಮಗುವಿಗೆ ಹಿಮದ ಬೂಟು ಹಾಕುತ್ತಿದ್ದ. ಮಗು ಓಡಿಹೋದ ಮೇಲೆ ಶಿವಕುಮಾರ ತಾನು ಯಾರೆಂದು ಹೇಳಿ, ಬಂದ ವಿಷಯವನ್ನು ನೇರವಾಗಿ ಮುಂದಿಟ್ಟ.

ಎಮಿಲ್ ಮಂಡಿಯೂರಿದಲ್ಲಿಂದಲೇ ತಲೆಯೆತ್ತಿದ. "ಕ್ಲಬ್ಬಿನ ಡಾಕ್ಟರಿಗೂ ಗೊತ್ತಾಗಿಲ್ಲ."

"ಟೇಪಿನಲ್ಲಿದೆ."

"ಎಂಟು ವರ್ಷದಿಂದ ಇದೊಂದಕ್ಕೇ ಆಡ್ತಾ ಇದ್ದೀನಿ. ಬರೀತೀರಾ?"

"ಬರೀತೀನಿ. ಈ ಕಾಲಿನಲ್ಲಿ ಅಲ್ಲಿ ಆಡಿದರೆ ಮುಂದೆ ಓಡೋದಿಲ್ಲ ನೀನು. ವಾಸಿ ಮಾಡಿಕೊಂಡು ಮುಂದಿನ ವರ್ಷ ಬಾ ಅಂತಾನೂ ಬರೀತೀನಿ."

"ಮುಂದಿನ ವರ್ಷ ಯಾರು ನೆನಪಿಟ್ಕೋತಾರೆ?"

ಎಮಿಲ್ ಕೈಗೆ ಮೆತ್ತಿದ ಹಿಮ ಕೊಡವಿಕೊಂಡ.

"ಸುಮ್ಮನೆ ಬರೆದು ಕಳಿಸಬಹುದಿತ್ತು. ಇಲ್ಲಿಗೆ ಯಾಕೆ ಬಂದ್ರಿ?"

"ಹಿಂದೊಬ್ಬ ಗೆಳೆಯನ ಕಾಲಿನ ಬಗ್ಗೆ ಸುಳ್ಳು ಹೇಳಿದ್ದೆ. ಅವನ ಬೆನ್ನ ಹಿಂದೆ."

ಎಮಿಲ್ ಗೋಡೆ ಹಿಡಿದು ಎದ್ದ. ಸರಿ ಎನ್ನಲಿಲ್ಲ, ಕೈ ಕುಲುಕಲಿಲ್ಲ. ಒಳಗಿನಿಂದ ಮಕ್ಕಳು ಅವನ ಹೆಸರು ಹಿಡಿದು ಕೂಗುತ್ತಿದ್ದರು. ಶಿವಕುಮಾರ ಹಿಂದಿನಿಂದ ನೋಡುತ್ತಿದ್ದಾನೆಂದು ಗೊತ್ತಿದ್ದೂ ಅವನು ಬಾಗಿಲವರೆಗೆ ಎಡಗಾಲನ್ನು ಎಳೆದುಕೊಂಡೇ ನಡೆದ.