ಎಳೆಯುವ ಬಾಗಿಲು

ಖಂಡಪ್ಪನವರ ಮೊಣಕಾಲು ಮಡಚಲು ನಾಲ್ಕು ಜನ ಬೇಕಾದರು. ಇಬ್ಬರು ತೊಡೆ ಅದುಮಿ ಹಿಡಿದಿದ್ದರೆ ಇನ್ನಿಬ್ಬರು ಹಿಮ್ಮಡಿ ಹಿಡಿದು ಒಳಕ್ಕೆ ನೂಕುತ್ತಿದ್ದರು. ರಾತ್ರಿಯೆಲ್ಲ ಆಸ್ಪತ್ರೆಯವರು ಹೆಣವನ್ನು ಶೀತಪೆಟ್ಟಿಗೆಯಲ್ಲಿ ಉದ್ದಕ್ಕೆ ಮಲಗಿಸಿಬಿಟ್ಟಿದ್ದರು. ಲಿಂಗಾಯತರಲ್ಲಿ ಜೀವ ಹೋದ ಕೂಡಲೇ ಕೂರಿಸಬೇಕು, ಮಣ್ಣಿಗೂ ಕುಳಿತೇ ಹೋಗಬೇಕು ಎಂಬುದು ಅವರಿಗೇನು ಗೊತ್ತು? ಹೇಳಬೇಕಾಗಿದ್ದವನು ಮಗ ಗುರುಬಸವ. ಅವನಿಗೆ ನೆನಪಾಗಲಿಲ್ಲ. ಈಗ ಬಿಸಿನೀರಿನಲ್ಲಿ ಅದ್ದಿದ ಟವೆಲುಗಳನ್ನು ಸುತ್ತಿ ಸುತ್ತಿ ಒಂದು ತಾಸಾಗಿತ್ತು. ಎಡಗಾಲು ಹೇಗೋ ಬಂತು. ಬಲಗಾಲು ಒಮ್ಮೆ ಲಟಕ್ಕೆಂದು ಸದ್ದು ಮಾಡಿತು. ಗುರುಬಸವ ಗೋಡೆಯ ಕಡೆ ಮುಖ ತಿರುಗಿಸಿದ.

"ಇದ್ದಾಗನೂ ಬಗ್ಗಲಿಲ್ಲ, ಈಗೂ ಬಗ್ಗವಲ್ಲ ನೋಡ್ರಿ," ಎಂದ ವಿಶ್ವನಾಥಪ್ಪ. ಖಂಡಪ್ಪನವರ ಹೆಂಡತಿ ರುಕ್ಮಿಣಿಬಾಯಿಯ ತಮ್ಮ ಅವನು, ಇದೇ ಊರು ಸಂಭಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಒಂದಿಬ್ಬರು ಮೀಸೆಯ ಅಡಿಯಲ್ಲಿ ನಕ್ಕರು.

ಬೆಳಗಿನ ಮೊದಲ ಬಸ್ಸಿಗೆ ನಾಶಿಕದಿಂದ ಬಂದಿದ್ದ ಮುದುಕ ರಾಚಪ್ಪ ಮಾತ್ರ ನಗಲಿಲ್ಲ. ಅಲ್ಲಿಯ ಅಂಬಡ್‌ನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಖಂಡಪ್ಪನವರ ಜೊತೆ ಫಿಟ್ಟರ್ ಆಗಿದ್ದವನು. "ಹಂಗ ಅನಬ್ಯಾಡ್ರಿ," ಎಂದ. "ಇವನಂಥಾ ಬಗ್ಗೋ ತಲಿ ನಾ ಮತ್ತೊಂದು ನೋಡಿಲ್ಲ." ಒಂದು ಮಳೆಗಾಲ ದೊಡ್ಡ ಪ್ರೆಸ್ಸಿನ ಬೆಲ್ಟು ಹರಿದು ಇಡೀ ಕೆಲಸ ನಿಂತಾಗ, ಇಂಜಿನಿಯರುಗಳು ಪುಣೆಗೆ ಫೋನ್ ಹಚ್ಚುವಷ್ಟರಲ್ಲಿ ಖಂಡಪ್ಪ ಕ್ಯಾಂಟೀನಿನ ಹಿಟ್ಟಿನ ಗಿರಣಿಯ ಬೆಲ್ಟು ಬಿಚ್ಚಿ ತಂದು ಮಷೀನು ಓಡಿಸಿದ್ದನ್ನು ಹೇಳಿದ. ಒಂದು ಕೆಲಸಕ್ಕೆ ನಾಲ್ಕು ದಾರಿ ಇರುತ್ತಿದ್ದವಂತೆ ಅವನ ಹತ್ತಿರ. ಹೇಳುತ್ತಲೇ ಗೆಳೆಯನ ಬಲಗಾಲನ್ನು ತಾನೇ ಎತ್ತಿ ತೊಡೆಯ ಕೆಳಗೆ ಸೇರಿಸಿದ.

ಗುರುಬಸವ ಆ ಬೆಲ್ಟಿನ ಕತೆಯನ್ನು ನೂರು ಸಲ ಕೇಳಿದ್ದ.

*

ಆ ನಾಲ್ಕು ದಾರಿಗಳು ಸಂಜೆ ಮನೆಗೂ ಬರುತ್ತಿದ್ದವು. ಅಂಬಡ್‌ನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಖಂಡಪ್ಪ ಕೈಗೆ ಸೀಮೆಎಣ್ಣೆ ಹಚ್ಚಿ ಗ್ರೀಸು ತೊಳೆದುಕೊಂಡು, ಗೋಡೆಗೆ ಒರಗಿ ಕೂತು ಮಗನ ಪಾಟಿ ಕೇಳುತ್ತಿದ್ದ. ಒಂಬತ್ತು ವರ್ಷದ ಗುರುಬಸವ ಲೆಕ್ಕ ಬಿಡಿಸಿ ತೋರಿಸಿದರೆ ಉತ್ತರವನ್ನು ನೋಡುತ್ತಲೇ ಇರಲಿಲ್ಲ.

"ಇನ್ನೊಂದು ದಾರೀಲೆ ಮಾಡು."

ರೊಟ್ಟಿಯ ತಾಟು ಅಪ್ಪನ ಬೆನ್ನ ಹಿಂದೆ ಹೋಗುತ್ತಿತ್ತು. ಎರಡನೆಯ ದಾರಿ ಬರುವವರೆಗೆ ಅದು ಅಲ್ಲೇ. ಕೆಲವು ದಿನ ಬರುತ್ತಿತ್ತು. ಬಂದರೆ ಮೂರನೆಯದು ಬೇಕು. ಬಾರದ ದಿನ ಹುಡುಗ ಉಗುರಿನಿಂದ ಪಾಟಿಯ ಕಟ್ಟು ಕೆರೆಯುತ್ತ ಕೂರುತ್ತಿದ್ದ. ರುಕ್ಮಿಣಿಬಾಯಿ ಒಲೆಯ ಮುಂದೆ ಬೆನ್ನು ಮಾಡಿ ನಿಂತಿರುತ್ತಿದ್ದಳು. "ಕತ್ತೀಗೂ ಒಂದು ದಾರಿ ಗೊತ್ತಿರ್ತದ ಗುರ್ಯಾ," ಎನ್ನುತ್ತಿದ್ದ ಖಂಡಪ್ಪ, ಸಿಟ್ಟಿಲ್ಲದೆ, ನಗುತ್ತ. ಆ ನಗುವೇ ಹುಡುಗನಿಗೆ ಹೊಡೆತಕ್ಕಿಂತ ಹೆಚ್ಚು ನೋಯುತ್ತಿತ್ತು. ತಂಗಿ ಮಂಜುಶ್ರೀಯನ್ನು ಅಪ್ಪ ಎಂದೂ ಹೀಗೆ ಕೇಳಲಿಲ್ಲ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆಗೆ ಹೋಗುತ್ತಿದ್ದ.

ಗುರುಬಸವ ಬೆಳೆದು, ಒಂದೇ ಬಗೆಯ ಫಾರಂಗಳನ್ನು ಒಂದೇ ಬಗೆಯಲ್ಲಿ ತುಂಬುವ ನೌಕರಿ ಹಿಡಿದು ಸಂಭಾಜಿನಗರಕ್ಕೆ ಬಂದ. ಅಲ್ಲಿ ಯಾರೂ ಅವನನ್ನು ಎರಡನೆಯ ದಾರಿ ಕೇಳಲಿಲ್ಲ. ಖಂಡಪ್ಪ ನಿವೃತ್ತನಾದ ಮೇಲೆ ತಂದೆತಾಯಿ ಅವನ ಮನೆಗೇ ಬಂದರು.

*

ಹತ್ತು ಗಂಟೆಗೆ ನಾಶಿಕದ ಟ್ಯಾಕ್ಸಿಯಿಂದ ಮಂಜುಶ್ರೀ ಇಳಿದಳು. ಅಳಲಿಲ್ಲ. ತಾಯಿಯ ಪಕ್ಕದಲ್ಲಿ ಐದು ನಿಮಿಷ ಕೂತು, ಅಣ್ಣನನ್ನು ಅಡಿಗೆಮನೆಗೆ ಕರೆದಳು. ಗುರುಬಸವನ ಹೆಂಡತಿ ಪ್ರಿಯಾ ಅಲ್ಲಿ ಚಹಾ ಸೋಸುತ್ತಿದ್ದವಳು ಕಪ್ಪುಗಳನ್ನು ಎತ್ತಿಕೊಂಡು ಹೊರಗೆ ಹೋದಳು.

"ಅಣ್ಣಾ, ನಾ ಮಾರಿ ನೋಡ್ಲಿಕ್ಕಷ್ಟೇ ಬಂದೀನಿ. ಬಿಲ್ವಪತ್ರಿ ಏರಸಂಗಿಲ್ಲ. ಜನ ಏನರ ಅನ್ಲಿ."

ಹದಿನಾಲ್ಕು ತಿಂಗಳಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಹೊಸ ಮನೆಯ ಗೃಹಪ್ರವೇಶದ ದಿನ ಅಪ್ಪ ನಾಶಿಕದಲ್ಲಿ ಬಸ್ಸಿಳಿದವನು ಹೊಸ ಮನೆಗೆ ಬಾರದೆ ಅಂಬಡ್‌ನ ಆ ಹಳೆಯ ಬಾಡಿಗೆ ಕೋಣೆಯ ಮುಂದೆ ಹೋಗಿ ನಿಂತುಬಿಟ್ಟ. ಬೀಗರು ಕಾಯುತ್ತಿದ್ದರು. ಅವಳೇ ರಿಕ್ಷಾದಲ್ಲಿ ಹೋಗಿ ಕೈ ಹಿಡಿದು ಕರೆದಳು. ಮುಹೂರ್ತ ಮೀರಿತು. ಅವನು ಆ ಬೀಗ ಹಾಕಿದ ಬಾಗಿಲು ಬಿಟ್ಟು ಕದಲಲಿಲ್ಲ. ಮಗಳ ಮನೆ ಅವನ ಕಣ್ಣಿಗೆ ಮನೆಯೇ ಅಲ್ಲ ಎಂದು ಬೀಗರು ಆಡಿಕೊಂಡರು.

"ಬೇಕಂತನೇ ಮಾಡಿದ್ದಲ್ಲೇನು ಅದು? ನೀ ಹೇಳು."

ಒಂದೇ ಮಾತು ಸಾಕಿತ್ತು. ಆ ಮಾತು ಗುರುಬಸವನ ಬಳಿ ಇತ್ತು. ಗ್ಯಾಸಿನ ಮೇಲೆ ಉಕ್ಕಿ ಒಣಗಿದ್ದ ಚಹಾದ ಕಲೆಯನ್ನು ಅವನು ಹೆಬ್ಬೆರಳಿನಿಂದ ಉಜ್ಜಿದ.

"ಅವರ ಸ್ವಭಾವ ನಿನಗ ಗೊತ್ತೇ ಅದ," ಎಂದ.

*

ಮೂರು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಅವನು ಅಪ್ಪನನ್ನು ಮೆದುಳಿನ ಡಾಕ್ಟರಿಗೆ ತೋರಿಸಿದ್ದ. ಪಿಂಪಳಗಾಂವ್ ಬಸವಂತದ ಕಡೆಯ ಹೆಂಗಸು, ದ್ರಾಕ್ಷಿ ತೋಟದವರ ಮಗಳು. ಆಕೆ ಮೇಜಿನ ಮೇಲೆ ಚಿತ್ರದ ಕಾರ್ಡುಗಳನ್ನು ಹರಡಿ, ಮೊದಲು ಬಣ್ಣ ನೋಡಿ ಜೋಡಿಸಿ ಎಂದಳು. ಖಂಡಪ್ಪ ಚಕಚಕ ಜೋಡಿಸಿದ. ಈಗ ಬಣ್ಣ ಬಿಡಿ, ಆಕಾರ ನೋಡಿ ಜೋಡಿಸಿ ಎಂದಳು. ಖಂಡಪ್ಪ ತಲೆಯಾಡಿಸಿ, "ಆತು, ಆಕಾರ ನೋಡಬೇಕು" ಎನ್ನುತ್ತಲೇ ಕೆಂಪಿನ ಮೇಲೆ ಕೆಂಪು ಇಟ್ಟ. ತಪ್ಪು ಎಂದಳು. "ಹೌದು, ಆಕಾರ," ಎಂದು ಹಸಿರಿನ ಮೇಲೆ ಹಸಿರು ಇಟ್ಟ. ಹನ್ನೊಂದು ಸಲ ಹಾಗೇ ಆಯಿತು. ಬಾಯಿ ಸರಿಯಾಗಿ ಹೇಳುತ್ತಿತ್ತು, ಕೈ ಹಳೆಯದನ್ನೇ ಮಾಡುತ್ತಿತ್ತು. ಕೊನೆಗೆ ಅವನು ತನ್ನ ಕೈಯನ್ನೇ ನೋಡಿಕೊಂಡ.

ಅಪ್ಪನನ್ನು ಹೊರಗೆ ಕೂರಿಸಿದ ಮೇಲೆ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದಳು. ವಯಸ್ಸಾದಂತೆ ಎಲ್ಲರ ಮೆದುಳೂ ತುಸು ಕುಗ್ಗುತ್ತದೆ, ಆದರೆ ಇವರ ಹಣೆಯ ಹಿಂದಿನ ಭಾಗ ಅಟ್ಟಣಿಗೆಯ ಮೇಲೆ ಒಣಹಾಕಿದ ದ್ರಾಕ್ಷಿಯ ಹಾಗೆ ಆಗಿದೆ ಎಂದಳು. ಒಂದು ದಾರಿ ಬಿಟ್ಟು ಇನ್ನೊಂದಕ್ಕೆ ಹೊರಳುವ ಕೆಲಸ ಅಲ್ಲಿಯದೇ. ಇದು ಹಠವಲ್ಲ, ಮನೆಯವರಿಗೆಲ್ಲ ತಿಳಿಸಿ ಹೇಳಿ, ಅವರ ಜೊತೆ ಜಿದ್ದಿಗೆ ಬೀಳಬೇಡಿ, ಮನೆಯಲ್ಲಿ ಯಾವುದನ್ನೂ ಬದಲಿಸಬೇಡಿ ಎಂದು ಎರಡೆರಡು ಸಲ ಹೇಳಿದಳು.

ಮೆಟ್ಟಿಲು ಇಳಿಯುವಾಗ ಗುರುಬಸವನಿಗೆ ಅಳು ಬರಬೇಕಿತ್ತು. ಬಂದದ್ದು ಬೇರೆಯದು. ಎದೆಯಲ್ಲಿ ಎಲ್ಲೋ ಬಹಳ ಒಳಗೆ ಕೂತಿದ್ದ ಹುಡುಗನೊಬ್ಬ ಎದ್ದು ನಿಂತು ಮೈಮುರಿದ ಹಾಗೆ.

ಮನೆಯಲ್ಲಿ ತಾಯಿ ಕೇಳಿದಾಗ, ವಯಸ್ಸು ಅಂದರು ಅಷ್ಟೇ, ಎಂದ. ಫಿಲ್ಮನ್ನು ಆಫೀಸಿನ ಕಪಾಟಿನಲ್ಲಿ ಇಟ್ಟ. ಎರಡು ತಿಂಗಳಾದ ಮೇಲೆ ಮಾಳಿಗೆಯ ಮೆಟ್ಟಿಲ ತುದಿಯಲ್ಲಿ ಇನ್ವರ್ಟರು ಕೂರಿಸಿದಾಗ, ಒಳಕ್ಕೆ ತೆರೆಯುವ ಹಸಿರು ಬಣ್ಣದ ಬಾಗಿಲು ಅದಕ್ಕೆ ತಾಗುತ್ತಿತ್ತು. ಬಡಿಗನನ್ನು ಕರೆಸಿ ಬಾಗಿಲು ಹೊರಕ್ಕೆ, ಬಯಲು ಮಾಳಿಗೆಯ ಕಡೆಗೆ, ತೆರೆಯುವಂತೆ ತಿರುಗಿಸಿದ. ಇನ್ವರ್ಟರನ್ನು ಬೇರೆ ಕಡೆ ಇಡಬಹುದಿತ್ತು.

*

ಸ್ನಾನ ಮಾಡಿಸಿ, ಹಣೆ ತೋಳು ಎದೆಗೆ ವಿಭೂತಿ ಬಳಿದು, ಖಂಡಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಶಾಸ್ತ್ರ ಮಾಡಿಸಲು ಬಂದ ಅಯ್ಯನವರು ಅವರ ಕೊರಳಿನ ಇಷ್ಟಲಿಂಗ ಬಿಚ್ಚಿ, ಎಡಗೈ ಮೇಲೆ ಇಡಲು ಮುಷ್ಟಿ ಬಿಡಿಸಿದರು. ಬಿಡಿಸಿದವರು ಹಾಗೇ ನಿಂತರು. ಅಂಗೈಯ ಬುಡ ಕಪ್ಪಗೆ ಊದಿ, ತೊಗಲು ಸುಲಿದು ಮಾಂಸ ಕಾಣುತ್ತಿತ್ತು. ಬಲಗೈಯೂ ಹಾಗೇ. ಉಗುರಿನ ಸಂದಿಯಲ್ಲಿ ಹಸಿರು ಬಣ್ಣದ ಪುಡಿ.

"ಕೈಗೆ ಏನಾಗ್ಯದ್ರಿ?"

ಬಿದ್ದಾಗ ಆಗಿರಬೇಕು ಎಂದ ಗುರುಬಸವ.

"ಬಾಗಿಲಾ ಬಡದಾರ," ಎಂದಳು ರುಕ್ಮಿಣಿಬಾಯಿ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. "ಮಾಳಗಿ ಬಾಗಿಲಾ. ಎರಡೂ ಕೈಲೆ."

ಮಂಜುಶ್ರೀ ತಲೆ ಎತ್ತಿದಳು. "ಮನ್ಯಾಗ ಯಾರೂ ಇರಲಿಲ್ಲೇನು?"

"ಅವ್ವ, ಪ್ರಿಯಾ ಇಬ್ರೂ ವೇರೂಳದ ಗುಡೀಗೆ ಹೋಗಿದ್ರು. ನಾ ಇದ್ದೆ. ಕೂಲರ್ ಹಚ್ಚಿ ಮಲಗಿದ್ದೆ. ಅದರ ಸಪ್ಪಳದಾಗ ನಂಗೇನೂ ಕೇಳಲಿಲ್ಲ."

ಆ ಕೂಲರು ಹಚ್ಚಿದರೆ ಪಕ್ಕದಲ್ಲಿ ಕೂತವನ ಮಾತೂ ಕೇಳುವುದಿಲ್ಲ ಎಂದು ವಿಶ್ವನಾಥಪ್ಪ ಸಾಕ್ಷಿ ನುಡಿದ. ಅಯ್ಯನವರು ಬಿಳಿ ಬಟ್ಟೆ ಕೇಳಿದರು. ರುಕ್ಮಿಣಿಬಾಯಿ ತನ್ನ ಸೀರೆಯ ಸೆರಗನ್ನೇ ಹರಿದು ಕೊಟ್ಟಳು. ಸುಲಿದ ಅಂಗೈಯ ಮೇಲೆ ಲಿಂಗವಿಟ್ಟು ಆ ಚಿಂದಿಯಿಂದ ಕಟ್ಟಿದರು. ಮಗನ ಕಡೆ ಅವಳು ನೋಡಲಿಲ್ಲ.

*

ಹಿಂದಿನ ದಿನ ಭಾನುವಾರ, ಮಧ್ಯಾಹ್ನ ಒಂದು ಗಂಟೆ. ಮೇ ತಿಂಗಳ ಬಿಸಿಲಿಗೆ ಬೀದಿಯಲ್ಲಿ ನಾಯಿ ಸಹ ಇರಲಿಲ್ಲ. ಒಣಹಾಕಿದ್ದ ಶಾವಿಗೆ ತಿರುವಿ ಬರುತ್ತೇನೆಂದು ಖಂಡಪ್ಪ ಮಾಳಿಗೆ ಹತ್ತಿದ. ಬೆಳಗಿನಿಂದ ತೆರೆದೇ ಇದ್ದ ಬಾಗಿಲು ಗಾಳಿಗೆ ಧಪ್ಪನೆ ಮುಚ್ಚಿಕೊಂಡಿತು. ಚಿಲಕ ಬಿದ್ದಿರಲಿಲ್ಲ. ಹೊರಗಿನ ಹಿಡಿಕೆ ಹಿಡಿದು ಎಳೆದರೆ ಮಗುವಿಗೂ ತೆರೆಯುತ್ತಿತ್ತು.

ಅವನು ನೂಕತೊಡಗಿದ.

ಗುರುಬಸವ ಮೆಟ್ಟಿಲು ಹತ್ತಿ ಬಾಗಿಲ ಈಚೆ ನಿಂತ. "ಎಳಿ ಅಪ್ಪಾ. ನೂಕಬ್ಯಾಡ. ನಿನ್ನ ಕಡಿ ಎಳಿ."

"ಎಳೀತೀನಿ, ಎಳೀತೀನಿ," ಎಂದ ಖಂಡಪ್ಪ ಆಚೆಯಿಂದ, ಮತ್ತು ನೂಕಿದ.

ಗುರುಬಸವ ಹಲಗೆಯ ಮೇಲೆ ಅಂಗೈ ಇಟ್ಟಿದ್ದ. ಪ್ರತಿ ನೂಕೂ ಮರದೊಳಗಿಂದ ಅವನ ಕೈಗೆ ಬರುತ್ತಿತ್ತು. ತಾನು ಬೆರಳಿನಿಂದ ಒತ್ತಿದರೆ ಸಾಕು, ಬಾಗಿಲು ತೆರೆಯುತ್ತದೆ. ಮತ್ತೊಮ್ಮೆ ಎಳಿ ಎಂದ. "ಹೌದಪಾ, ಎಳೀಬೇಕು," ಎಂದು ಅಪ್ಪ ಎರಡೂ ಕೈಯಿಂದ ಬಡಿದ. ಡಾಕ್ಟರು ಹೇಳಿದ್ದೆಲ್ಲ ಗುರುಬಸವನಿಗೆ ಅಕ್ಷರ ಬಿಡದೆ ನೆನಪಿತ್ತು. ನೆನಪಿದ್ದೇ, ಬಾಯಿಯನ್ನು ಬಾಗಿಲಿನ ಸಂದಿಗೆ ಹಚ್ಚಿ ಹೇಳಿದ:

"ಇನ್ನೊಂದು ದಾರೀಲೆ ಮಾಡು."

ಆಚೆ ಒಂದು ಗಳಿಗೆ ಸದ್ದು ನಿಂತಿತು. ಆಮೇಲೆ ಮತ್ತೆ ಬಡಿತ, ಈಗ ಇನ್ನೂ ಜೋರಾಗಿ.

ಅವನು ಇಳಿದು ಬಂದು ಪಡಸಾಲೆಯಲ್ಲಿ ಕೂಲರ್ ಹಚ್ಚಿ ಮಂಚದ ಮೇಲೆ ಮಲಗಿದ. ಐದು ನಿಮಿಷ, ಆಮೇಲೆ ಹೋಗಿ ತೆರೆಯುತ್ತೇನೆ ಎಂದುಕೊಂಡ. ಬಡಿತ ಕೇಳುತ್ತ ಕೇಳುತ್ತ ಅರ್ಧ ತಾಸಾಯಿತು. ಹುಡುಗನಾಗಿದ್ದಾಗ ಹಸಿದು ಕೂತ ಸಂಜೆಗಳು ಇದಕ್ಕಿಂತ ಉದ್ದವಿದ್ದವು ಎನಿಸಿತು. ನಡುವೆ ಒಮ್ಮೆ ಅಪ್ಪ ಅವನ ಹೆಸರು ಹಿಡಿದು ಕರೆದ. ನಂತರ ಬಡಿತ ವಿರಳವಾಗಿ, ನಿಂತೇಹೋಯಿತು. ದಾರಿ ಕಂಡುಕೊಂಡ ಎಂದುಕೊಂಡು ಗುರುಬಸವ ನಿದ್ದೆ ಹೋದ.

ನಾಲ್ಕು ಗಂಟೆಗೆ ವೇರೂಳದಿಂದ ಬಂದ ರುಕ್ಮಿಣಿಬಾಯಿ ಪ್ರಸಾದ ಹಿಡಿದು ಗಂಡನನ್ನು ಹುಡುಕುತ್ತ ಮಾಳಿಗೆ ಹತ್ತಿದಳು. ಬಾಗಿಲು ಪೂರಾ ತೆರೆಯಲಿಲ್ಲ. ಅದರ ಬುಡಕ್ಕೆ ಅವನು ಬಿದ್ದಿದ್ದ.

*

ಸ್ಮಶಾನದಲ್ಲಿ ಗುಂಡಿಯ ಗೂಡಿನೊಳಗೆ ಖಂಡಪ್ಪನವರನ್ನು ಕೂರಿಸಿ, ಉಪ್ಪು, ವಿಭೂತಿ, ಬಿಲ್ವಪತ್ರೆ ಹಾಕಿದರು. ಎಲ್ಲರೂ ಸಾಲಾಗಿ ಪತ್ರೆ ಏರಿಸಿದರು. ಮಂಜುಶ್ರೀ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತೇ ಇದ್ದಳು. ಗುರುಬಸವ ಮೊದಲ ಹಿಡಿ ಮಣ್ಣು ಹಾಕಿ ಅವಳ ಕಡೆ ನೋಡಿದ. ಈಗಲೂ ಹೇಳಬಹುದಿತ್ತು. ಮಣ್ಣು ಮೊದಲು ಎದೆ ಮುಚ್ಚಿತು, ಆಮೇಲೆ ಮುಖ.

ನೆಲ ಸಮವಾದ ಮೇಲೆ ಅವಳೇ ಹತ್ತಿರ ಬಂದಳು. "ಅಣ್ಣಾ, ಆವತ್ತು ಆ ಹಳೀ ಮನಿ ಮುಂದ ಅಪ್ಪ 'ಬರ್ತೀನವ್ವಾ, ಬರ್ತೀನಿ' ಅಂತನೇ ಇದ್ದ. ಕಾಲು ಮಾತ್ರ ಎತ್ತಲಿಲ್ಲ. ಬರೋ ಮನಸಿಲ್ಲಂದ್ರ ಹಂಗ್ಯಾಕ ಅಂದ?"

"ಬಿಸಲು ಭಾಳ ಅದ," ಎಂದ ಗುರುಬಸವ. "ನಡಿ, ಹೋಗಮು."

ಸ್ನಾನ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಾಗ ಮೂರು ಗಂಟೆ. ಸೆಖೆಗೆ ಗಂಡಸರು ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ರುಕ್ಮಿಣಿಬಾಯಿ ಸೊಸೆಗೆ ಕೂಲರ್ ಹಚ್ಚಲು ಹೇಳಿದಳು. ಪ್ರಿಯಾ ಹಚ್ಚಿದಳು. "ಫುಲ್ ಮಾಡು," ಎಂದಳು ಅತ್ತೆ. ಕೂಲರು ಮೊರೆಯತೊಡಗಿತು. ವಿಶ್ವನಾಥಪ್ಪ ಮೂರನೆಯ ದಿನದ ಊಟದ ಮಾತನ್ನು ಕೂಗಿ ಹೇಳಬೇಕಾಯಿತು.

ರುಕ್ಮಿಣಿಬಾಯಿ ಮಗಳ ಕಿವಿಯ ಹತ್ತಿರ ಬಾಗಿದಳು. "ಮಂಜೂ, ಮಾಳಗಿ ಮ್ಯಾಲ ಹೋಗು. ಹೊರಗ ನಿಂತು ಬಾಗಿಲಾ ಮುಚ್ಕೊ. ನಿಮ್ಮಪ್ಪ ಬಡದಂಗ ಬಡಿ."

ಮಂಜುಶ್ರೀ ತಾಯಿಯ ಮುಖ ನೋಡಿದಳು. ಎದ್ದು ಮಾಳಿಗೆಯ ಮೆಟ್ಟಿಲು ಹತ್ತಿದಳು.

ಮೊದಲ ಬಡಿತಕ್ಕೆ ವಿಶ್ವನಾಥಪ್ಪ ಮಾತು ನಿಲ್ಲಿಸಿದ. ಎರಡನೆಯದಕ್ಕೆ ರಾಚಪ್ಪ ತಲೆ ಎತ್ತಿ ಸೂರನ್ನು ನೋಡಿದ, ಆಮೇಲೆ ಗುರುಬಸವನನ್ನು. ಕೂಲರಿನ ಮೊರೆತ ಮೀರಿ ಬಡಿತ ಮೆಟ್ಟಿಲಿಳಿದು, ಗೋಡೆಗುಂಟ ಬಂದು, ಅಡಿಗೆಮನೆಯ ಮಾಡದಲ್ಲಿನ ತಾಟುಗಳನ್ನು ಸಣ್ಣಗೆ ಅಲುಗಿಸುತ್ತಿತ್ತು. ಪ್ರಿಯಾ ಗಂಡನ ಪಕ್ಕದಿಂದ ಎದ್ದು ಹೋಗಿ ಬಾಗಿಲ ಬಳಿ ಕೂತಳು.

ರುಕ್ಮಿಣಿಬಾಯಿ ಕೊಡ ತಂದು, ಕೂಲರಿನ ಹಿಂದಿನ ಮುಚ್ಚಳ ತೆಗೆದು ನೀರು ಸುರಿದಳು. ಖಾಲಿಯಾದ ಮೇಲೆ ಎರಡನೆಯ ಕೊಡ ತುಂಬಿಕೊಳ್ಳಲು ಹೋದಳು. ಮೇಲೆ ಮಂಜುಶ್ರೀಗೆ ಸಾಕೆಂದು ಹೇಳಲು ಯಾರೂ ಏಳಲಿಲ್ಲ. ಅವಳು ಬಡಿಯುತ್ತಲೇ ಇದ್ದಳು.